ಅಮೊಸ್ ಅಲೊಂಜೊ ಸ್ಟ್ಯಾಗ್ ಅವರ ಕೋಚಿಂಗ್ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಸ್ಟ್ಯಾಗ್ ಯಾರು? ಅವರ ಹೆಸರು ಇಂದಿಗೂ ಏಕೆ ಕೇಳಿಬರುತ್ತದೆ?

ಅಮೊಸ್ ಅಲೊಂಜೊ ಸ್ಟ್ಯಾಗ್ ಅಮೆರಿಕದ ಕಾಲೇಜು ಫುಟ್‌ಬಾಲ್‌ನ ಮೊದಲ ತಲೆಮಾರಿನ ಕೋಚ್‌ಗಳಲ್ಲಿ ಒಬ್ಬರು. ನ್ಯೂಜೆರ್ಸಿಯ ವೆಸ್ಟ್ ಆರೆಂಜ್‌ನಲ್ಲಿ, ಬೂಟು ಹೊಲಿದು ಸಂಸಾರ ಸಾಗಿಸುತ್ತಿದ್ದ ತಂದೆಯ ಮನೆಯಲ್ಲಿ 1862ರ ಆಗಸ್ಟ್ 16ರಂದು ಹುಟ್ಟಿದ ಅವರು 1965ರ ಮಾರ್ಚ್ 17ರಂದು ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿ ನಿಧನರಾದಾಗ ಅವರಿಗೆ 102 ವರ್ಷ ತುಂಬಿತ್ತು. 1890ರಲ್ಲಿ ಹಿಡಿದ ಕೋಚಿಂಗ್ ಕೆಲಸವನ್ನು ಅವರು ಪೂರ್ತಿಯಾಗಿ ಬಿಟ್ಟದ್ದು 1960ರಲ್ಲಿ. ಈ 70 ವರ್ಷಗಳ ಅವಧಿಯಲ್ಲಿ ಆಟದ ನಿಯಮ, ಚೆಂಡು, ಅಂಕಗಳ ಲೆಕ್ಕ, ಆಟಗಾರರ ಉಡುಪು ಎಲ್ಲವೂ ಬದಲಾದವು.

ಅವರ ಗೆಲುವುಗಳ ಪಟ್ಟಿ ದೊಡ್ಡದು, ತಂತ್ರಗಳ ಪಟ್ಟಿಯೂ ದೊಡ್ಡದು. ಆದರೆ ಇವೆರಡಕ್ಕಿಂತ ಮುಖ್ಯವಾದುದು ಅವರು ಆ ಕೆಲಸಕ್ಕೆ ತಂದುಕೊಟ್ಟ ಸ್ಥಾನ. ಋತುವಿಗೊಮ್ಮೆ ಬಂದು ಹೋಗುತ್ತಿದ್ದ ಹಳೆಯ ಆಟಗಾರನ ಜಾಗದಲ್ಲಿ, ವಿಶ್ವವಿದ್ಯಾಲಯದ ಕಾಯಂ ಅಧ್ಯಾಪಕನಾಗಿ ವರ್ಷವಿಡೀ ದುಡಿಯುವ ಕೋಚ್ ಬಂದದ್ದು ಸ್ಟ್ಯಾಗ್ ಅವರಿಂದ. ಅಮೆರಿಕದ ಕಾಲೇಜು ಕ್ರೀಡೆಯ ಇಂದಿನ ಶಕ್ತಿಯೂ ಅದರ ಇಂದಿನ ತೊಡಕೂ ಬಹುಮಟ್ಟಿಗೆ ಆ ಒಂದು ನೇಮಕಾತಿಯಿಂದಲೇ ಬೆಳೆದು ಬಂದವು ಎಂಬುದು ಈ ಉತ್ತರಗಳ ಹಿಂದಿರುವ ತಿಳಿವಳಿಕೆ.

ಅವರು ಆಡಲು ಆರಂಭಿಸಿದ ಕಾಲದಲ್ಲಿ ಆಟ ಹೇಗಿತ್ತು?

ಇಂದು ಟಿವಿಯಲ್ಲಿ ಕಾಣುವ ಅಮೆರಿಕನ್ ಫುಟ್‌ಬಾಲ್‌ನ ಜೀವಾಳವೇ ಆದ ಮುಂದಕ್ಕೆ ಎಸೆಯುವ ಪಾಸ್ ಆಗ ನಿಷಿದ್ಧವಾಗಿತ್ತು. ಚೆಂಡು ಹಿಡಿದ ತಂಡಕ್ಕೆ ಮೂರು ಪ್ರಯತ್ನಗಳಲ್ಲಿ ಐದು ಗಜ ಮುನ್ನಡೆಯುವ ಗುರಿಯಿತ್ತು. ಐದು ಗಜವೆಂದರೆ ಮೈಬಲದಿಂದಲೇ ನುಗ್ಗಿ ಪಡೆಯಬಹುದಾದ ದೂರ, ಆದ್ದರಿಂದ ತಂಡಗಳು ಒತ್ತೊತ್ತಾಗಿ ನಿಂತು, ಒಬ್ಬರನ್ನೊಬ್ಬರು ತಳ್ಳಿಕೊಂಡು, ಎದುರಾಳಿಯ ಸಾಲಿನ ಒಂದೇ ಜಾಗಕ್ಕೆ ಅಪ್ಪಳಿಸುತ್ತಿದ್ದವು. 1890ರ ದಶಕದ ಆರಂಭದಲ್ಲಿ, ಚೆಂಡನ್ನು ಎದುರಾಳಿಯ ಗೋಲ್ ಗೆರೆಯಾಚೆಗೆ ಒಯ್ಯುವ ಟಚ್‌ಡೌನ್‌ಗೆ ನಾಲ್ಕು ಅಂಕವಿದ್ದರೆ ಒದ್ದು ಗಳಿಸುವ ಫೀಲ್ಡ್ ಗೋಲ್‌ಗೆ ಐದು ಅಂಕವಿತ್ತು. ತಲೆಗೆ ಕಾಪು ಹಾಕಿಕೊಳ್ಳುವವರು ವಿರಳ.

ಸ್ಟ್ಯಾಗ್ ಆಡಿದ ಯೇಲ್ ವಿಶ್ವವಿದ್ಯಾಲಯದ ತಂಡ ಆ ಕಾಲದ ದೈತ್ಯ. ವಾಲ್ಟರ್ ಕ್ಯಾಂಪ್ ಅವರ ಮಾರ್ಗದರ್ಶನದಲ್ಲಿ 1888ರ ಯೇಲ್ ತಂಡವು 13 ಪಂದ್ಯಗಳನ್ನೂ ಗೆದ್ದಿತಲ್ಲದೆ, ಒಟ್ಟು 698 ಅಂಕ ಗಳಿಸಿ ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಮರುವರ್ಷ ದೇಶದ ಅತ್ಯುತ್ತಮ ಕಾಲೇಜು ಆಟಗಾರರನ್ನು ಹೆಸರಿಸುವ, ಮೊತ್ತಮೊದಲ ಬಾರಿಗೆ ಆಯ್ಕೆಯಾದ ಅಖಿಲ ಅಮೆರಿಕ ತಂಡದಲ್ಲಿ ಸ್ಟ್ಯಾಗ್ ಅವರ ಹೆಸರಿತ್ತು. ಗಾತ್ರದಲ್ಲಿ ಅವರು ಸಣ್ಣ ಆಳು ಎಂಬುದನ್ನು ಇಲ್ಲಿ ನೆನಪಿಡಬೇಕು. ಮೈಬಲವೇ ಪ್ರಧಾನವಾಗಿದ್ದ ಆಟದಲ್ಲಿ ಚುರುಕಿನಿಂದ ಮತ್ತು ಲೆಕ್ಕಾಚಾರದಿಂದ ಬದುಕಿ ಉಳಿದ ಆಟಗಾರ ಮುಂದೆ ತಂತ್ರಗಳ ಕೋಚ್ ಆದದ್ದು ಸಹಜವೇ ಆಗಿತ್ತು.

ಪಾದ್ರಿಯಾಗಬೇಕೆಂದು ಓದುತ್ತಿದ್ದವರು ಕೋಚ್ ಆದದ್ದು ಹೇಗೆ?

ಸ್ಟ್ಯಾಗ್ ಯೇಲ್‌ಗೆ ಸೇರಿದ್ದು ಧರ್ಮಸೇವೆಯ ಹಂಬಲದಿಂದ. ಪದವಿ ಮುಗಿದ ಮೇಲೆ ಅಲ್ಲಿಯೇ ದೇವತಾಶಾಸ್ತ್ರದ ಅಧ್ಯಯನವನ್ನೂ ಮುಂದುವರಿಸಿದರು. ಅದೇ ಹೊತ್ತಿಗೆ ಅವರು ಯೇಲ್ ಬೇಸ್‌ಬಾಲ್ ತಂಡದ ಹೆಸರಾಂತ ಪಿಚರ್ (ಚೆಂಡೆಸೆತಗಾರ) ಆಗಿದ್ದರು. ವೃತ್ತಿಪರ ಬೇಸ್‌ಬಾಲ್ ತಂಡಗಳು ಹಣದ ಆಸೆ ತೋರಿಸಿ ಕರೆದರೂ ಅವರು ಹೋಗಲಿಲ್ಲ. ಅಂದಿನ ವೃತ್ತಿಪರ ಬೇಸ್‌ಬಾಲ್ ಮೈದಾನಗಳು ಮದ್ಯ ಮತ್ತು ಜೂಜಿನೊಂದಿಗೆ ತಳಕು ಹಾಕಿಕೊಂಡಿದ್ದವು, ಮದ್ಯವನ್ನಾಗಲಿ ತಂಬಾಕನ್ನಾಗಲಿ ಮುಟ್ಟದ ಸ್ಟ್ಯಾಗ್ ಅವರಿಗೆ ಆ ಸಹವಾಸ ಒಗ್ಗುವಂತಿರಲಿಲ್ಲ.

ಆದರೆ ಉಪದೇಶಕನಿಗೆ ಬೇಕಾದ ಮಾತಿನ ಕಲೆ ತಮಗೆ ಒಲಿದಿಲ್ಲವೆಂದು ಅವರಿಗೆ ಬೇಗ ಮನವರಿಕೆಯಾಯಿತು. ಜನರ ಮುಂದೆ ನಿಂತು ಮಾತನಾಡುವಾಗ ತಡವರಿಸುತ್ತಿದ್ದ ಅವರು, ಯುವಕರ ನಡತೆಯನ್ನು ತಿದ್ದುವ ಕೆಲಸವನ್ನು ಆಟದ ಮೈದಾನದಲ್ಲಿಯೂ ಮಾಡಬಹುದೆಂದು ನಿರ್ಧರಿಸಿದರು. ಕೊನೆಯವರೆಗೂ ಅವರು ಕೋಚಿಂಗನ್ನು ಧರ್ಮಸೇವೆಯ ಇನ್ನೊಂದು ರೂಪವೆಂದೇ ಭಾವಿಸಿದ್ದರು.

ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅವರು ಮಾಡಿದ್ದೇನು? ಬ್ಯಾಸ್ಕೆಟ್‌ಬಾಲ್ ಜೊತೆ ಅವರ ಸಂಬಂಧವೇನು?

1890ರಲ್ಲಿ ಸ್ಟ್ಯಾಗ್ ಅವರು ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯನ್ನು ಸೇರಿ, ಅಲ್ಲಿಯ ಫುಟ್‌ಬಾಲ್ ತಂಡವನ್ನು ಕಟ್ಟಿದರು. ಬೆರಳೆಣಿಕೆಯ ವಿದ್ಯಾರ್ಥಿಗಳಿದ್ದ ಆ ಶಾಲೆಯ ತಂಡ ಎರಡು ಋತುಗಳಲ್ಲಿ 10 ಪಂದ್ಯಗಳನ್ನು ಗೆದ್ದು, 11ರಲ್ಲಿ ಸೋತು, ಒಂದನ್ನು ಸಮಮಾಡಿಕೊಂಡಿತು. ತಂಡದ ನಡುಸಾಲಿನಲ್ಲಿ, ಸೆಂಟರ್ ಸ್ಥಾನದಲ್ಲಿ ಆಡುತ್ತಿದ್ದವರು ಜೇಮ್ಸ್ ನೇಸ್ಮಿತ್.

ಅದೇ ನೇಸ್ಮಿತ್ 1891ರ ಡಿಸೆಂಬರ್‌ನಲ್ಲಿ, ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದು ಬೇಕೆಂದು ಪೀಚ್ ಹಣ್ಣಿನ ಬುಟ್ಟಿಗಳನ್ನು ವ್ಯಾಯಾಮಶಾಲೆಯ ಬಾಲ್ಕನಿಯ ಅಂಚಿಗೆ ಬಡಿದು ಬ್ಯಾಸ್ಕೆಟ್‌ಬಾಲ್ ರೂಪಿಸಿದರು. 1892ರ ಮಾರ್ಚ್ 11ರಂದು ಸಾರ್ವಜನಿಕರ ಮುಂದೆ ನಡೆದ ಮೊದಲ ಪಂದ್ಯದಲ್ಲಿ ವಿದ್ಯಾರ್ಥಿಗಳು ಅಧ್ಯಾಪಕರನ್ನು 5–1ರಿಂದ ಸೋಲಿಸಿದರು. ಅಧ್ಯಾಪಕರ ಕಡೆಯಿಂದ ಬುಟ್ಟಿಗೆ ಬಿದ್ದ ಆ ಏಕೈಕ ಚೆಂಡು ಸ್ಟ್ಯಾಗ್ ಅವರದು. 1959ರಲ್ಲಿ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್ ತನ್ನ ಮೊದಲ ಪಟ್ಟಿಯಲ್ಲಿಯೇ ಅವರನ್ನು ಸೇರಿಸಿಕೊಂಡಿತು. ಅದಕ್ಕೆ ಇನ್ನೊಂದು ಕಾರಣ, 1917ರಿಂದ 1930ರವರೆಗೆ ಶಿಕಾಗೊದಲ್ಲಿ ಅವರು ನಡೆಸಿದ ಹೈಸ್ಕೂಲು ತಂಡಗಳ ರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ.

ಶಿಕಾಗೊ ವಿಶ್ವವಿದ್ಯಾಲಯದ ನೇಮಕಾತಿಯಲ್ಲಿ ಹೊಸತೇನಿತ್ತು?

ಇದು ಅವರ ಬದುಕಿನ ನಟ್ಟನಡುವಿನ ಸಂಗತಿಯಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಜಾನ್ ಡಿ. ರಾಕ್‌ಫೆಲರ್ ಅವರ ಹಣದಿಂದ ಹುಟ್ಟುತ್ತಿದ್ದ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಮೊದಲ ಅಧ್ಯಕ್ಷರಾಗಿ ಬಂದ ವಿಲಿಯಂ ರೇನಿ ಹಾರ್ಪರ್ ಅವರು ಹಿಂದೆ ಯೇಲ್‌ನಲ್ಲಿ ಸ್ಟ್ಯಾಗ್ ಅವರ ಗುರುಗಳಾಗಿದ್ದವರು. ಹೊಸ ಸಂಸ್ಥೆಯ ಹೆಸರು ಬೇಗ ಜನರ ಬಾಯಲ್ಲಿ ನಿಲ್ಲಬೇಕಾದರೆ ಒಳ್ಳೆಯ ಪ್ರಾಧ್ಯಾಪಕರ ಜೊತೆಗೆ ಗೆಲ್ಲುವ ತಂಡವೂ ಬೇಕೆಂಬುದನ್ನು ಅವರು ಮೊದಲೇ ಕಂಡುಕೊಂಡಿದ್ದರು.

ಆ ಭೇಟಿಯ ಬಗ್ಗೆ ಪ್ರಚಲಿತವಾಗಿರುವ ಸಂಗತಿ ಹೀಗಿದೆ. ಹಾರ್ಪರ್ ಮೊದಲು ವರ್ಷಕ್ಕೆ 1,500 ಡಾಲರ್ ಸಂಬಳ ಕೊಡುವುದಾಗಿ ಹೇಳಿದರು. ಸ್ಟ್ಯಾಗ್ ಯೋಚಿಸುತ್ತಾ ಮೌನವಾಗಿ ಕುಳಿತರು. ಆ ಮೌನವನ್ನು ನಿರಾಕರಣೆಯೆಂದು ತಿಳಿದ ಹಾರ್ಪರ್ 2,000ಕ್ಕೆ ಏರಿಸಿದರು. ಆಗಲೂ ಉತ್ತರ ಬರದಿದ್ದಾಗ 2,500 ಡಾಲರ್, ಅದರ ಮೇಲೆ ಅಸೋಸಿಯೇಟ್ ಪ್ರೊಫೆಸರ್ ಹುದ್ದೆ, ಅದೂ ಕಾಯಂ, ಎಂದು ಹೇಳಿದರು. ಸ್ಟ್ಯಾಗ್ ಅವರು ಚೌಕಾಸಿ ಮಾಡುತ್ತಿರಲಿಲ್ಲ, ತಮ್ಮ ಜೀವನದ ಕರೆ ಇದೇ ಹೌದೇ ಎಂದು ತೂಗಿ ನೋಡುತ್ತಿದ್ದರು.

ಅಲ್ಲಿಯವರೆಗೆ ಕಾಲೇಜು ತಂಡಗಳನ್ನು ವಿದ್ಯಾರ್ಥಿಗಳ ಸಂಘಗಳೇ ನಡೆಸುತ್ತಿದ್ದವು. ಕೋಚ್ ಎಂದರೆ ಋತುವಿನಲ್ಲಿ ಕೆಲವು ವಾರ ಬಂದು ಸಲಹೆ ಕೊಟ್ಟು ಹೋಗುವ ಹಳೆಯ ವಿದ್ಯಾರ್ಥಿ, ಇಲ್ಲವೇ ಋತುವಿನ ಮಟ್ಟಿಗೆ ಬಾಡಿಗೆಗೆ ತಂದ ಆಳು. ಶಿಕಾಗೊದಲ್ಲಿ ದೈಹಿಕ ಶಿಕ್ಷಣವೂ ಕ್ರೀಡೆಯೂ ಸೇರಿ ಒಂದು ವಿಭಾಗವೇ ಆಯಿತು, ಅದರ ನಿರ್ದೇಶಕ ಸ್ಟ್ಯಾಗ್ ಆದರು. ವಿಭಾಗದ ಆಯವ್ಯಯವೂ ಬಹುಕಾಲ ಅವರ ಕೈಯಲ್ಲಿಯೇ ಉಳಿಯಿತು. ವಿಶ್ವವಿದ್ಯಾಲಯ ಬಾಗಿಲು ತೆರೆದ 1892ರ ಅಕ್ಟೋಬರ್ 1ರಂದೇ ಅವರು ಮೊದಲ ಅಭ್ಯಾಸಕ್ಕೆ ಹುಡುಗರನ್ನು ಕರೆದರು. ಆಟಗಾರರ ಕೊರತೆಯಿದ್ದುದರಿಂದ ಆ ಋತುವಿನಲ್ಲಿ ಸ್ವತಃ ಮೈದಾನಕ್ಕಿಳಿದು ಆಡಿದರು. ನಿಯಮಗಳು ಇನ್ನೂ ಸಡಿಲವಾಗಿದ್ದ ಆ ಕಾಲದಲ್ಲಿ ಯಾರೂ ಅದಕ್ಕೆ ತಕರಾರು ತೆಗೆಯುತ್ತಿರಲಿಲ್ಲ.

ಮೊದಲ ವರ್ಷಗಳಲ್ಲಿ ತಂಡ ಹೇಗೆ ಬೆಳೆಯಿತು?

ವೇಗವಾಗಿ ಬೆಳೆಯಿತು. 1894ರ ಕೊನೆಯಲ್ಲಿ ಸ್ಟ್ಯಾಗ್ ತಮ್ಮ ತಂಡವನ್ನು ರೈಲಿನಲ್ಲಿ ಕ್ಯಾಲಿಫೋರ್ನಿಯಾಕ್ಕೆ ಕರೆದೊಯ್ದು, ಕ್ರಿಸ್‌ಮಸ್ ದಿನ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸ್ಟ್ಯಾನ್‌ಫರ್ಡ್ ವಿರುದ್ಧ 24–4ರಿಂದ ಗೆದ್ದರು. ದೇಶದ ಒಂದು ಭಾಗದ ಕಾಲೇಜು ಇನ್ನೊಂದು ಭಾಗಕ್ಕೆ ಅಷ್ಟು ದೂರ ಹೋಗಿ ಆಡುವುದು ಆಗ ಅಪರೂಪವಾಗಿತ್ತು. 1896ರಲ್ಲಿ ಮಧ್ಯಪಶ್ಚಿಮದ ಏಳು ವಿಶ್ವವಿದ್ಯಾಲಯಗಳು ಸೇರಿ ಇಂದು ಬಿಗ್ ಟೆನ್ ಎಂದು ಕರೆಯಲಾಗುವ ಒಕ್ಕೂಟವನ್ನು ಸ್ಥಾಪಿಸಿದಾಗ ಶಿಕಾಗೊ ಅದರ ಸ್ಥಾಪಕ ಸದಸ್ಯನಾಗಿತ್ತು. 1899, 1905, 1907, 1908, 1913, 1922 ಮತ್ತು 1924ರಲ್ಲಿ, ಒಟ್ಟು ಏಳು ಬಾರಿ, ಸ್ಟ್ಯಾಗ್ ಅವರ ತಂಡ ಆ ಒಕ್ಕೂಟದ ಪ್ರಶಸ್ತಿ ಪಡೆಯಿತು.

ಅವರ ಪತ್ನಿ ಸ್ಟೆಲ್ಲಾ ಅವರ ಪಾತ್ರವೇನು?

ಶಿಕಾಗೊದಲ್ಲಿ ವಿದ್ಯಾರ್ಥಿನಿಯಾಗಿದ್ದ ಸ್ಟೆಲ್ಲಾ ರಾಬರ್ಟ್‌ಸನ್ 1894ರಲ್ಲಿ ಸ್ಟ್ಯಾಗ್ ಅವರನ್ನು ಮದುವೆಯಾದರು. ಆಟದ ಸೂಕ್ಷ್ಮಗಳನ್ನು ಚೆನ್ನಾಗಿ ಬಲ್ಲವರಾಗಿದ್ದ ಅವರು ಎದುರಾಳಿ ತಂಡಗಳ ಚಲನೆಗಳನ್ನು ಗಮನಿಸಿ ನಕ್ಷೆ ಬರೆದಿಡುತ್ತಿದ್ದರು. ಪತಿಯ ಕೋಚಿಂಗ್ ಕೆಲಸದಲ್ಲಿ ದಶಕಗಳ ಕಾಲ ಸಹಾಯಕರಂತೆ ನಿಂತ ಅವರ ದುಡಿಮೆ ದಾಖಲೆಗಳಲ್ಲಿ ಕಾಣುವುದಕ್ಕಿಂತ ದೊಡ್ಡದು, ಅದಕ್ಕೆ ಸಂಬಳವೂ ಇರಲಿಲ್ಲ, ಹುದ್ದೆಯೂ ಇರಲಿಲ್ಲ. ಸ್ಟೆಲ್ಲಾ 1964ರಲ್ಲಿ ತೀರಿಕೊಂಡರು.

1905ರ ಮಿಷಿಗನ್ ಪಂದ್ಯವನ್ನು ಇಂದಿಗೂ ಏಕೆ ನೆನೆಯುತ್ತಾರೆ?

ಆ ಹೊತ್ತಿಗೆ ಮಿಷಿಗನ್ ತಂಡ ಸೋಲನ್ನೇ ಮರೆತಿತ್ತು. ಕೋಚ್ ಫೀಲ್ಡಿಂಗ್ ಯೋಸ್ಟ್ ಅವರ ಕೈಕೆಳಗೆ 1901ರಿಂದ ಸತತ 56 ಪಂದ್ಯಗಳಲ್ಲಿ ಅದು ಸೋತಿರಲಿಲ್ಲ. 1905ರ ಋತುವಿನಲ್ಲಿಯಂತೂ ಶಿಕಾಗೊಗೆ ಬರುವ ಮುನ್ನ ಆಡಿದ 12 ಪಂದ್ಯಗಳಲ್ಲಿ 495 ಅಂಕ ಗಳಿಸಿ, ಒಂದು ಅಂಕವನ್ನೂ ಎದುರಾಳಿಗಳಿಗೆ ಕೊಟ್ಟಿರಲಿಲ್ಲ. ಶಿಕಾಗೊ ಕೂಡ ಆ ವರ್ಷ ಸೋತಿರಲಿಲ್ಲ. ನವೆಂಬರ್ 30ರ ಥ್ಯಾಂಕ್ಸ್‌ಗಿವಿಂಗ್ ದಿನ, ಶಿಕಾಗೊದ ಮಾರ್ಷಲ್ ಫೀಲ್ಡ್ ಮೈದಾನದಲ್ಲಿ 25 ಸಾವಿರಕ್ಕೂ ಹೆಚ್ಚು ಜನರ ಮುಂದೆ ಎರಡು ತಂಡಗಳು ಎದುರಾದವು.

ಪಂದ್ಯ ಬಹುಪಾಲು ಒದೆತದ ಕಾದಾಟವಾಯಿತು. ಶಿಕಾಗೊದ ಕ್ವಾರ್ಟರ್‌ಬ್ಯಾಕ್ (ಆಟವನ್ನು ನಡೆಸುವ ಆಟಗಾರ) ವಾಲ್ಟರ್ ಎಕರ್ಸಾಲ್ ಅವರದು ಅಳೆದು ತೂಗಿದ ಒದೆತ. ತಮ್ಮ ತಂಡ ತನ್ನದೇ ಗೋಲ್ ಗೆರೆಯ ಹಿಂದಕ್ಕೆ ಸರಿದು ಸಿಕ್ಕಿಬಿದ್ದಿದ್ದಾಗ, ಚೆಂಡನ್ನು ದೂರ ಒದೆಯುವವರಂತೆ ನಟಿಸಿ, ಒದೆಯದೆ ಚೆಂಡಿನೊಂದಿಗೆ ಹೊರಗೋಡಿ ಅಪಾಯದಿಂದ ಪಾರು ಮಾಡಿದರು. ದ್ವಿತೀಯಾರ್ಧದಲ್ಲಿ ಅವರು ಒದ್ದ ಎತ್ತರದ ಚೆಂಡೊಂದು ಮಿಷಿಗನ್‌ನ ಗೋಲ್ ಗೆರೆಯನ್ನು ದಾಟಿತು. ಅದನ್ನು ಹಿಡಿದ ಮಿಷಿಗನ್ ಆಟಗಾರ ಡೆನ್ನಿ ಕ್ಲಾರ್ಕ್ ಅಲ್ಲಿಯೇ ನೆಲಕ್ಕೆ ಒತ್ತಿದ್ದರೆ ಏನೂ ಆಗುತ್ತಿರಲಿಲ್ಲ. ಅವರು ಚೆಂಡಿನೊಂದಿಗೆ ಹೊರಕ್ಕೆ ಓಡಲು ಯತ್ನಿಸಿದರು, ಧಾವಿಸಿ ಬಂದ ಶಿಕಾಗೊದ ಆಟಗಾರರು ಅವರನ್ನು ಗೆರೆಯ ಹಿಂದಕ್ಕೆ ಕೆಡವಿದರು. ನಿಯಮದ ಪ್ರಕಾರ ಅದು ಸೇಫ್ಟಿ, ಶಿಕಾಗೊಗೆ ಎರಡು ಅಂಕ. ಪಂದ್ಯ 2–0ಕ್ಕೆ ಮುಗಿಯಿತು.

ಒಂದು ಟಚ್‌ಡೌನ್ ಕೂಡ ಇಲ್ಲದ ಈ ಗೆಲುವಿನಲ್ಲಿ ಸ್ಟ್ಯಾಗ್ ಅವರ ಕೋಚಿಂಗ್‌ನ ತಿರುಳು ಸ್ಪಷ್ಟವಾಗಿ ಕಾಣುತ್ತದೆ. ತಮಗಿಂತ ಬಲಶಾಲಿಯಾದ ತಂಡವನ್ನು ತಳ್ಳಿ ಸೋಲಿಸುವ ಭ್ರಮೆ ಅವರಿಗಿರಲಿಲ್ಲ. ಮೈದಾನದ ಯಾವ ಜಾಗದಲ್ಲಿ ಆಟ ನಡೆಯಬೇಕೆಂಬುದನ್ನು ಒದೆತದ ಮೂಲಕ ತಾವೇ ನಿರ್ಧರಿಸಿ, ಎದುರಾಳಿಯ ಒಂದು ತಪ್ಪಿಗಾಗಿ ಕಾದರು. ಆ ಗೆಲುವಿನ ನಂತರದ ಆರು ವಾರಗಳಲ್ಲಿ, 1906ರ ಜನವರಿ 10ರಂದು, ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅಧ್ಯಕ್ಷ ಹಾರ್ಪರ್ ನಿಧನರಾದರು.

ಅದೇ ವರ್ಷ ಆಟವನ್ನೇ ನಿಷೇಧಿಸುವ ಮಾತು ಬಂದದ್ದೇಕೆ? ಸ್ಟ್ಯಾಗ್ ಏನು ಮಾಡಿದರು?

1905ರಲ್ಲಿ ಫುಟ್‌ಬಾಲ್ ಆಡುತ್ತಾ ಹಲವು ಯುವಕರು ಸತ್ತರು, ಗಾಯಗೊಂಡವರು ಇನ್ನೂ ಹೆಚ್ಚು. ಅಮೆರಿಕದ ಅಧ್ಯಕ್ಷ ಥಿಯೊಡೊರ್ ರೂಸ್‌ವೆಲ್ಟ್ ಅವರೇ ಅಕ್ಟೋಬರ್‌ನಲ್ಲಿ ಹಾರ್ವರ್ಡ್, ಯೇಲ್ ಮತ್ತು ಪ್ರಿನ್ಸ್‌ಟನ್‌ಗಳ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ ಆಟವನ್ನು ತಿದ್ದಿಕೊಳ್ಳುವಂತೆ ಹೇಳಿದರು. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ, ಮುಂದೆ ಎನ್‌ಸಿಎಎ ಎಂದು ಹೆಸರಾದ ಸಂಸ್ಥೆ ಹುಟ್ಟಿದ್ದು ಈ ಗದ್ದಲದಲ್ಲಿಯೇ. 1906ರ ಹೊಸ ನಿಯಮಗಳು ಮುಂದಕ್ಕೆ ಪಾಸ್ ಎಸೆಯಲು ಅನುಮತಿ ಕೊಟ್ಟವು, ಮೂರು ಪ್ರಯತ್ನಗಳಲ್ಲಿ ಮುನ್ನಡೆಯಬೇಕಾದ ದೂರವನ್ನು ಐದರಿಂದ ಹತ್ತು ಗಜಕ್ಕೆ ಏರಿಸಿದವು. ಬರೀ ತಳ್ಳಾಟದಿಂದ ಹತ್ತು ಗಜ ಸಿಗುವುದಿಲ್ಲವಾದ್ದರಿಂದ ಆಟ ತಾನಾಗಿಯೇ ಮೈದಾನದ ಅಗಲಕ್ಕೆ ಹರಡಿಕೊಂಡಿತು.

ಸ್ಟ್ಯಾಗ್ ಆಗ ನಿಯಮಗಳ ಸಮಿತಿಯಲ್ಲಿದ್ದರು. ಪೂರ್ವ ಕರಾವಳಿಯ ಹಳೆಯ ಕಾಲೇಜುಗಳದೇ ಕಾರುಬಾರಾಗಿದ್ದ ಆ ಸಮಿತಿಯಲ್ಲಿ ಅವರು ಮಧ್ಯಪಶ್ಚಿಮದ ದನಿಯಾಗಿದ್ದರು. ಪಾಸ್ ಬಂದಾಗ ಹಲವು ಕೋಚ್‌ಗಳು ಅದನ್ನು ಅನುಮಾನದಿಂದ ನೋಡಿದರೆ, ಸ್ಟ್ಯಾಗ್ ತಕ್ಷಣವೇ ಪಾಸ್ ಆಧಾರಿತ ಆಟಗಳನ್ನು ರೂಪಿಸತೊಡಗಿದರು.

1906ರ ಜನವರಿಯಲ್ಲಿ ಮಿಷಿಗನ್‌ನ ಅಧ್ಯಕ್ಷ ಜೇಮ್ಸ್ ಏಂಜೆಲ್ ಅವರ ಕರೆಯ ಮೇರೆಗೆ ಒಕ್ಕೂಟದ ವಿಶ್ವವಿದ್ಯಾಲಯಗಳು ಸಭೆ ಸೇರಿ ಇನ್ನೂ ಕಟ್ಟುನಿಟ್ಟಾದ ನಿರ್ಣಯಗಳನ್ನು ತೆಗೆದುಕೊಂಡವು. ಋತುವಿಗೆ ಐದೇ ಪಂದ್ಯ, ಆಟಗಾರನಿಗೆ ಮೂರೇ ವರ್ಷದ ಅವಕಾಶ, ಮತ್ತು ಕೋಚ್ ಅನ್ನು ವಿಶ್ವವಿದ್ಯಾಲಯವೇ ಕ್ರಮಬದ್ಧವಾಗಿ, ಮಿತವಾದ ಸಂಬಳಕ್ಕೆ ನೇಮಿಸಬೇಕು ಎಂಬುದು ಅವುಗಳಲ್ಲಿ ಮುಖ್ಯ. ಈ ಕೊನೆಯ ನಿಯಮ ಹೆಚ್ಚುಕಡಿಮೆ ಸ್ಟ್ಯಾಗ್ ಅವರ ಹುದ್ದೆಯ ವಿವರಣೆಯೇ ಆಗಿತ್ತು. ಋತುವಿಗೆ ಮಾತ್ರ ಬಂದು ಹೋಗುತ್ತಿದ್ದ ಯೋಸ್ಟ್ ಅವರಿಗೆ ಅದು ಒಗ್ಗಲಿಲ್ಲ, ಮಿಷಿಗನ್ ಕೆಲವು ವರ್ಷ ಒಕ್ಕೂಟದಿಂದಲೇ ಹೊರಗುಳಿಯಿತು.

ಸ್ಟ್ಯಾಗ್ ಅವರ ಹೆಸರಿನಲ್ಲಿರುವ ಆವಿಷ್ಕಾರಗಳೆಲ್ಲ ನಿಜವಾಗಿ ಅವರವೇ?

ಎಲ್ಲವೂ ಅಲ್ಲ. ಎದುರಾಳಿಯನ್ನು ಹಿಡಿದು ಕೆಡವುವ ಟ್ಯಾಕಲ್ ಅಭ್ಯಾಸಕ್ಕೆ ತೂಗುಹಾಕುವ ಬೊಂಬೆ, ಆಟ ಶುರುವಾಗುವ ಮುನ್ನವೇ ಒಬ್ಬ ಆಟಗಾರ ಅಡ್ಡಕ್ಕೆ ಚಲಿಸುವ ತಂತ್ರ, ದಿಕ್ಕು ಬದಲಿಸುವ ರಿವರ್ಸ್, ಅಂಗಿಗೆ ಅಂಕೆ ಹಾಕುವ ಪದ್ಧತಿ, ಬೇಸ್‌ಬಾಲ್ ಅಭ್ಯಾಸದ ಬಲೆಮನೆ ಹೀಗೆ ಉದ್ದದ ಪಟ್ಟಿಯೇ ಅವರ ಹೆಸರಿಗಿದೆ. ಇವುಗಳಲ್ಲಿ ಕೆಲವಕ್ಕೆ ಬೇರೆ ಹಕ್ಕುದಾರರೂ ಇದ್ದಾರೆ. ಆಟಗಾರರು ಗುಂಪಾಗಿ ತಲೆ ಬಾಗಿಸಿ ಮಾತಾಡಿಕೊಳ್ಳುವ ಹಡಲ್ ಪದ್ಧತಿಯನ್ನು ಅನೇಕರು ಸ್ಟ್ಯಾಗ್ ಅವರಿಗೆ ಸಲ್ಲಿಸುತ್ತಾರೆ. ಆದರೆ ಕಿವುಡರ ಶಿಕ್ಷಣ ಸಂಸ್ಥೆಯಾದ ಗ್ಯಾಲೊಡೆಟ್‌ನಲ್ಲಿ ಪಾಲ್ ಹಬರ್ಡ್ ಅವರು ತಮ್ಮ ತಂಡದ ಕೈಸನ್ನೆಗಳು ಎದುರಾಳಿಗೆ ಕಾಣದಿರಲೆಂದು 1890ರ ದಶಕದಲ್ಲಿ ಅದನ್ನು ಬಳಸಿದ್ದರೆಂಬ ವಾದಕ್ಕೆ ಹೆಚ್ಚಿನ ಬಲವಿದೆ. ನಿಯಮಬದ್ಧವಾದ ಮೊದಲ ಫಾರ್ವರ್ಡ್ ಪಾಸ್ ಎಸೆದದ್ದು ಕೂಡ 1906ರಲ್ಲಿ ಎಡ್ಡಿ ಕಾಕೆಮ್ಸ್ ಅವರ ಸೇಂಟ್ ಲೂಯಿಸ್ ವಿಶ್ವವಿದ್ಯಾಲಯದ ತಂಡ.

ಸ್ಟ್ಯಾಗ್ ಅವರ ನಿಜವಾದ ಕೊಡುಗೆಯನ್ನು ಬಿಡಿ ತಂತ್ರಗಳಲ್ಲಿ ಹುಡುಕುವುದಕ್ಕಿಂತ ಅವರ ವಿಧಾನದಲ್ಲಿ ಹುಡುಕುವುದು ಸರಿ. 1893ರಲ್ಲಿಯೇ ಅವರು ಹೆನ್ರಿ ವಿಲಿಯಮ್ಸ್ ಅವರೊಂದಿಗೆ ಸೇರಿ, ಆಟದ ಒಂದೊಂದು ಚಲನೆಯನ್ನೂ ನಕ್ಷೆಯ ಮೂಲಕ ವಿವರಿಸುವ ಪಠ್ಯವನ್ನು ಪ್ರಕಟಿಸಿದರು. ಹನ್ನೊಂದು ಜನರಲ್ಲಿ ಪ್ರತಿಯೊಬ್ಬನೂ ಎಲ್ಲಿ ನಿಲ್ಲಬೇಕು, ಯಾರನ್ನು ತಡೆಯಬೇಕು, ಯಾವ ಕಡೆ ಓಡಬೇಕು ಎಂಬುದನ್ನು ಚುಕ್ಕೆ ಮತ್ತು ಗೆರೆಗಳಲ್ಲಿ ಬರೆದು ಕಲಿಸುವ ಪಾಠಕ್ರಮ ಅದು. ಆಟವನ್ನು ಪಾಠದಂತೆ ಕಲಿಸಬಹುದೆಂದು ತೋರಿಸಿದ ಮೇಲೆ ಕಲಿತವರು ಇತರರಿಗೆ ಕಲಿಸಿದರು. ಶಿಕಾಗೊದಲ್ಲಿ ಅವರ ಬಳಿ ಆಡಿದ ಜೆಸ್ಸಿ ಹಾರ್ಪರ್ ನಾಟರ್ ಡೇಮ್‌ನ ಕೋಚ್ ಆದರು, ಅವರ ಶಿಷ್ಯ ನ್ಯೂಟ್ ರಾಕ್ನಿ. ಅಮೆರಿಕದ ಅತಿ ಪ್ರಸಿದ್ಧ ಕೋಚ್ ಆದ ರಾಕ್ನಿ ಅವರು, ಫುಟ್‌ಬಾಲ್‌ನಲ್ಲಿರುವುದೆಲ್ಲ ಸ್ಟ್ಯಾಗ್ ಅವರಿಂದಲೇ ಬಂದದ್ದೆಂದು ಹೇಳುತ್ತಿದ್ದರೆಂಬುದು ಪ್ರಸಿದ್ಧ. ಮಿಷಿಗನ್‌ನಲ್ಲಿ ಹೆಸರು ಮಾಡಿದ ಫ್ರಿಟ್ಸ್ ಕ್ರೈಸ್ಲರ್ ಕೂಡ ಶಿಕಾಗೊದ ಆಟಗಾರರೇ.

ಆಟಗಾರರೊಂದಿಗೆ ಅವರ ನಡವಳಿಕೆ ಹೇಗಿತ್ತು?

ಕಠಿಣ, ಆದರೆ ಬೈಗುಳವಿಲ್ಲದ ಕಠಿಣತೆ. ಅವರ ಬಾಯಿಂದ ಬರುತ್ತಿದ್ದ ಅತ್ಯಂತ ಕಟುವಾದ ಮಾತೆಂದರೆ ಕತ್ತೆ ಎಂಬುದು. ತಪ್ಪು ಇನ್ನೂ ದೊಡ್ಡದಾಗಿದ್ದರೆ ಎರಡು ಪಟ್ಟು ಕತ್ತೆ. ಕ್ರೈಸ್ಲರ್ ಅವರ ಮೂಲ ಹೆಸರು ಹರ್ಬರ್ಟ್. ಅಭ್ಯಾಸದಲ್ಲಿ ಮತ್ತೆ ಮತ್ತೆ ಎಡವುತ್ತಿದ್ದ ಆ ಹುಡುಗನಿಗೆ, ಪ್ರಖ್ಯಾತ ಪಿಟೀಲು ವಾದಕ ಫ್ರಿಟ್ಸ್ ಕ್ರೈಸ್ಲರ್ ಅವರ ಹೆಸರನ್ನು ಸ್ಟ್ಯಾಗ್ ಚುಚ್ಚುಮಾತಾಗಿ ಇಟ್ಟರು, ಆ ಹೆಸರೇ ಜೀವನಪೂರ್ತಿ ಉಳಿದುಕೊಂಡಿತು.

ವೃತ್ತಿಪರ ಫುಟ್‌ಬಾಲ್ ಬಗ್ಗೆ ಅವರಿಗೆ ತೀವ್ರ ವಿರೋಧವಿತ್ತು. 1923ರಲ್ಲಿ, ಭಾನುವಾರಗಳಂದು ಹಣಕ್ಕಾಗಿ ನಡೆಯುವ ಪಂದ್ಯಗಳು ಕಾಲೇಜು ಆಟಕ್ಕೆ ಕುತ್ತು ತರುತ್ತವೆಂದು ಅವರು ಬಹಿರಂಗವಾಗಿ ಎಚ್ಚರಿಸಿದ್ದರು.

ಅವರ ಮೇಲಿನ ಟೀಕೆಗಳಲ್ಲಿ ಹುರುಳಿದೆಯೇ?

ಇದೆ, ಅದನ್ನು ಮರೆಮಾಚುವುದು ಸ್ಟ್ಯಾಗ್ ಅವರಿಗೂ ನ್ಯಾಯವಲ್ಲ. ಹವ್ಯಾಸಿ ಆದರ್ಶವನ್ನು ಎತ್ತಿ ಹಿಡಿದ ಅದೇ ವ್ಯಕ್ತಿ ಪ್ರತಿಭಾವಂತ ಹೈಸ್ಕೂಲು ಆಟಗಾರರನ್ನು ಸೆಳೆಯಲು ಯೋಸ್ಟ್ ಅವರೊಂದಿಗೆ ಹುರುಪಿನಿಂದ ಪೈಪೋಟಿ ನಡೆಸಿದರು. ಎಕರ್ಸಾಲ್ ವಿಶ್ವವಿದ್ಯಾಲಯದ ಪಕ್ಕದ ಹೈಡ್ ಪಾರ್ಕ್ ಹೈಸ್ಕೂಲಿನವರು, ಆ ಶಾಲೆಯ ತಂಡ 1902ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್ ಪಾಲಿಟೆಕ್ನಿಕ್ ಶಾಲಾ ತಂಡವನ್ನು 105–0ರಿಂದ ಸೋಲಿಸಿ ಹೆಸರಾಗಿತ್ತು. ಶಿಕಾಗೊಗೆ ಅಷ್ಟೊಂದು ಕೀರ್ತಿ ತಂದ ಎಕರ್ಸಾಲ್ ಅಲ್ಲಿಂದ ಪದವಿ ಪಡೆಯದೆಯೇ ಹೊರಬಿದ್ದರು. ಓದಿನಲ್ಲಿ ಹಿಂದುಳಿದಿದ್ದರೂ ಆಡುವ ಅರ್ಹತೆ ಅವರಿಗೆ ಉಳಿದುಬಂದದ್ದು ಹೇಗೆ ಎಂಬ ಪ್ರಶ್ನೆಗೆ ವಿಶ್ವವಿದ್ಯಾಲಯದ ಬಳಿ ಸಮಾಧಾನಕರ ಉತ್ತರವಿರಲಿಲ್ಲ.

ಪಂದ್ಯದ ಟಿಕೆಟ್ ಹಣ, ತಂಡದ ಖರ್ಚು, ಸಹಾಯಕರ ನೇಮಕ ಎಲ್ಲವೂ ಒಬ್ಬರ ಕೈಯಲ್ಲಿದ್ದು, ಆ ಒಬ್ಬರಿಗೆ ಪ್ರಾಧ್ಯಾಪಕನ ರಕ್ಷಣೆಯೂ ಇದ್ದಾಗ ಪ್ರಶ್ನಿಸುವವರು ಇರುವುದಿಲ್ಲ. ಸ್ಟ್ಯಾಗ್ ವೈಯಕ್ತಿಕವಾಗಿ ಪ್ರಾಮಾಣಿಕರಾಗಿದ್ದರಿಂದ ಶಿಕಾಗೊದಲ್ಲಿ ಅದು ದೊಡ್ಡ ಹಗರಣವಾಗಲಿಲ್ಲ. ಅದೇ ಮಾದರಿಯನ್ನು ಅನುಸರಿಸಿದ ಬೇರೆ ಕಡೆಗಳಲ್ಲಿ ಅಂಥ ವ್ಯಕ್ತಿಯೇ ಇರುತ್ತಾನೆಂಬ ಭರವಸೆ ಏನೂ ಇರಲಿಲ್ಲ.

ಶಿಕಾಗೊ ತಂಡ ಕುಸಿದದ್ದೇಕೆ? ಸ್ಟ್ಯಾಗ್ ಅಲ್ಲಿಂದ ಹೊರನಡೆದದ್ದೇಕೆ?

1924 ಕೊನೆಯ ಏರುಗಾಲ. ಆ ನವೆಂಬರ್‌ನಲ್ಲಿ ಇಲಿನಾಯ್‌ನ ರೆಡ್ ಗ್ರೇಂಜ್ ಎಂಬ ಅಸಾಮಾನ್ಯ ಓಟಗಾರನಿಗೆ ಚೆಂಡೇ ಸಿಗದಂತೆ ತಮ್ಮ ತಂಡ ಆಟವನ್ನು ತನ್ನ ಬಳಿಯೇ ಇಟ್ಟುಕೊಳ್ಳಬೇಕೆಂದು ಸ್ಟ್ಯಾಗ್ ಯೋಜಿಸಿದರು. ಶಿಕಾಗೊ 14–0 ಮುನ್ನಡೆ ಪಡೆಯಿತು, ಗ್ರೇಂಜ್ ಮೂರು ಟಚ್‌ಡೌನ್ ಹೊಡೆದು ಪಂದ್ಯವನ್ನು 21–21ಕ್ಕೆ ಸಮಮಾಡಿದರು. ಆ ವರ್ಷ ಒಕ್ಕೂಟದ ಪ್ರಶಸ್ತಿ ಶಿಕಾಗೊದ ಪಾಲಾಯಿತು, ಮತ್ತೆಂದೂ ಬರಲಿಲ್ಲ.

ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯಗಳು ವಿಶಾಲ ಕ್ರೀಡಾಂಗಣಗಳನ್ನು ಕಟ್ಟಿ, ಸಾವಿರಾರು ವಿದ್ಯಾರ್ಥಿಗಳ ನಡುವಿನಿಂದ ಆಟಗಾರರನ್ನು ಆರಿಸಿಕೊಳ್ಳುತ್ತಿದ್ದಾಗ, ಸಂಶೋಧನೆಗೆ ಒತ್ತು ಕೊಟ್ಟ ಶಿಕಾಗೊದಲ್ಲಿ ಆಟಗಾರರಿಗೆ ಹಗುರವಾದ ಓದಿನ ದಾರಿಗಳು ಇರಲಿಲ್ಲ. 1929ರಲ್ಲಿ, 30 ವರ್ಷದ ರಾಬರ್ಟ್ ಮೇನಾರ್ಡ್ ಹಚಿನ್ಸ್ ಅಧ್ಯಕ್ಷರಾದರು. ಫುಟ್‌ಬಾಲ್ ವಿಶ್ವವಿದ್ಯಾಲಯದ ಗುರಿಗೆ ಹೊರತಾದದ್ದೆಂಬುದು ಅವರ ದೃಢ ನಿಲುವು. 70 ವರ್ಷಕ್ಕೆ ಕಡ್ಡಾಯ ನಿವೃತ್ತಿಯ ನಿಯಮ 1932ರಲ್ಲಿ ಸ್ಟ್ಯಾಗ್ ಅವರಿಗೂ ಅನ್ವಯವಾಯಿತು. 41 ಋತುಗಳ ಬಳಿಕ, ಗೌರವದ ಇನ್ನೊಂದು ಹುದ್ದೆಯನ್ನು ನಿರಾಕರಿಸಿ, ಕೋಚಿಂಗನ್ನೇ ಮುಂದುವರಿಸಲು ಅವರು ಹೊರಟರು. ಅವರ ನಂತರದ ಕೋಚ್ ಕ್ಲಾರ್ಕ್ ಶಾನೆಸ್ಸಿ ಅವರ ಕಾಲದಲ್ಲಿ ಜೇ ಬರ್ವ್ಯಾಂಗರ್ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯನ್ನು 1935ರಲ್ಲಿ ಮೊದಲಿಗರಾಗಿ ಪಡೆದರೂ ತಂಡ ಚೇತರಿಸಿಕೊಳ್ಳಲಿಲ್ಲ. 1939ರಲ್ಲಿ ಮಿಷಿಗನ್ ವಿರುದ್ಧ 85–0ರಿಂದ ಸೋತ ಋತು ಮುಗಿದೊಡನೆ ಹಚಿನ್ಸ್ ತಂಡವನ್ನೇ ರದ್ದುಮಾಡಿದರು. ಶಿಕಾಗೊ 1969ರಲ್ಲಿ ಸಣ್ಣ ಪ್ರಮಾಣದಲ್ಲಿ ಆಟಕ್ಕೆ ಮರಳಿತು.

ಪರಮಾಣು ಪ್ರಯೋಗ ನಡೆದ ಸ್ಟ್ಯಾಗ್ ಫೀಲ್ಡ್ ಇವರ ಹೆಸರಿನದೇ?

ಹೌದು. ಹಿಂದಿನ ಮಾರ್ಷಲ್ ಫೀಲ್ಡ್ ಮೈದಾನಕ್ಕೆ ನಂತರ ಅವರ ಹೆಸರಿಡಲಾಗಿತ್ತು. 1942ರ ಡಿಸೆಂಬರ್ 2ರಂದು ಅದರ ಪಶ್ಚಿಮ ಗ್ಯಾಲರಿಯ ಕೆಳಗಿನ ಆಟದ ಕೋಣೆಯಲ್ಲಿ ಎನ್ರಿಕೊ ಫರ್ಮಿ ಅವರ ತಂಡ ಮಾನವ ನಿರ್ಮಿತ ತಾನಾಗಿಯೇ ಮುಂದುವರಿಯುವ ಮೊದಲ ಪರಮಾಣು ಸರಪಳಿ ಕ್ರಿಯೆಯನ್ನು ಸಾಧಿಸಿತು. ಫುಟ್‌ಬಾಲ್ ನಿಂತು ಮೂರು ವರ್ಷವಾಗಿದ್ದರಿಂದ ಆ ಜಾಗ ಖಾಲಿಯಿತ್ತು.

70 ದಾಟಿದ ಮೇಲೆ ಅವರು ಎಲ್ಲೆಲ್ಲಿ ಕೆಲಸ ಮಾಡಿದರು?

1933ರಿಂದ 1946ರವರೆಗೆ ಕ್ಯಾಲಿಫೋರ್ನಿಯಾದ ಸ್ಟಾಕ್ಟನ್‌ನಲ್ಲಿರುವ ಕಾಲೇಜ್ ಆಫ್ ದಿ ಪೆಸಿಫಿಕ್‌ನಲ್ಲಿ. ಸಣ್ಣ ಕಾಲೇಜು, ಎದುರಾಳಿಗಳು ದೊಡ್ಡವರು, ಹೀಗಾಗಿ 14 ಋತುಗಳಲ್ಲಿ 60 ಗೆಲುವಿಗೆ 77 ಸೋಲು. ಆದರೂ 1938ರಲ್ಲಿ ಅವರು ಪೆಸಿಫಿಕ್ ತಂಡವನ್ನು ಶಿಕಾಗೊಗೆ ಕರೆತಂದು, ತಮ್ಮದೇ ಹೆಸರಿನ ಮೈದಾನದಲ್ಲಿ ತಮ್ಮ ಹಳೆಯ ವಿಶ್ವವಿದ್ಯಾಲಯವನ್ನು 32–0ರಿಂದ ಸೋಲಿಸಿದರು. 1943ರಲ್ಲಿ, ನೌಕಾಪಡೆಯ ತರಬೇತಿಗೆ ಬಂದಿದ್ದ ಯುವಕರಿದ್ದ ತಂಡದೊಂದಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮತ್ತು ಯುಸಿಎಲ್‌ಎ ತಂಡಗಳನ್ನು ಮಣಿಸಿದಾಗ, ದೇಶದ ಕೋಚ್‌ಗಳು 81 ವರ್ಷದ ಸ್ಟ್ಯಾಗ್ ಅವರನ್ನು ವರ್ಷದ ಕೋಚ್ ಎಂದು ಆರಿಸಿದರು.

ಪೆಸಿಫಿಕ್ ಬಿಟ್ಟ ಮೇಲೆ 1947ರಿಂದ 1952ರವರೆಗೆ ಪೆನ್ಸಿಲ್ವೇನಿಯಾದ ಸಸ್ಕ್ವೆಹ್ಯಾನಾ ವಿಶ್ವವಿದ್ಯಾಲಯದಲ್ಲಿ ಮಗ ಅಮೊಸ್ ಅಲೊಂಜೊ ಸ್ಟ್ಯಾಗ್ ಜೂನಿಯರ್ ಅವರ ಜೊತೆ ದುಡಿದರು. ಆಮೇಲೆ ಸ್ಟಾಕ್ಟನ್‌ಗೆ ಮರಳಿ, ಅಲ್ಲಿಯ ಜೂನಿಯರ್ ಕಾಲೇಜಿನಲ್ಲಿ ಹುಡುಗರಿಗೆ ಚೆಂಡು ಒದೆಯುವುದನ್ನು ಕಲಿಸುತ್ತಾ 1960ರವರೆಗೆ ಮೈದಾನದಲ್ಲಿದ್ದರು. ಅಷ್ಟರಲ್ಲಿ ಅವರಿಗೆ 98 ವರ್ಷ.

ಸ್ಟ್ಯಾಗ್ ಅವರ ಬದುಕಿಗೂ ಭಾರತಕ್ಕೂ ಏನಾದರೂ ನಂಟಿದೆಯೇ?

ನೇರವಾದುದಲ್ಲ, ಆದರೆ ಗಮನಿಸಬೇಕಾದದ್ದು. ಸ್ಟ್ಯಾಗ್ ಕಲಿಸಿದ ಸ್ಪ್ರಿಂಗ್‌ಫೀಲ್ಡ್ ಶಾಲೆಯಲ್ಲಿಯೇ ಮುಂದೆ ಓದಿದ ಹ್ಯಾರಿ ಕ್ರೋ ಬಕ್ 1920ರಲ್ಲಿ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಸ್ಥಾಪಿಸಿದರು. ಕನ್ನಡನಾಡೂ ಸೇರಿದಂತೆ ದಕ್ಷಿಣ ಭಾರತದ ಶಾಲೆಗಳಿಗೆ ವ್ಯಾಯಾಮ ಶಿಕ್ಷಕರನ್ನು ಕೊಟ್ಟ ಸಂಸ್ಥೆ ಅದು. ಆಟದ ಮೂಲಕ ನಡತೆಯನ್ನು ರೂಪಿಸಬಹುದೆಂಬ ಸ್ಪ್ರಿಂಗ್‌ಫೀಲ್ಡ್‌ನ ನಂಬಿಕೆ ನಮ್ಮ ಡ್ರಿಲ್ ಮೇಷ್ಟ್ರುಗಳ ತನಕ ಬಂದ ದಾರಿಗಳಲ್ಲಿ ಇದೂ ಒಂದು. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಬಕ್ ಭಾರತ ತಂಡದೊಂದಿಗೆ ಹೋಗಿದ್ದರು, ಸ್ಟ್ಯಾಗ್ ಅಮೆರಿಕದ ಓಟಗಾರರ ಕೋಚ್‌ಗಳಲ್ಲಿ ಒಬ್ಬರಾಗಿದ್ದರು.

ಅವರು ಒಟ್ಟು ಎಷ್ಟು ಪಂದ್ಯ ಗೆದ್ದರು? ಆ ದಾಖಲೆಯನ್ನು ಮುರಿದವರು ಯಾರು?

ಮುಖ್ಯ ಕೋಚ್ ಆಗಿ ಮೂರು ಸಂಸ್ಥೆಗಳ 57 ಋತುಗಳಲ್ಲಿ 314 ಗೆಲುವು, 199 ಸೋಲು, 35 ಸಮ. ಇದರಲ್ಲಿ ಶಿಕಾಗೊದ ಪಾಲು 244 ಗೆಲುವು, 111 ಸೋಲು, 27 ಸಮ. 1981ರ ನವೆಂಬರ್ 28ರಂದು ಅಲಬಾಮಾದ ಬೇರ್ ಬ್ರೈಯಂಟ್ ಆಬರ್ನ್ ತಂಡವನ್ನು 28–17ರಿಂದ ಸೋಲಿಸಿ ತಮ್ಮ 315ನೇ ಗೆಲುವು ಪಡೆದಾಗ ಸ್ಟ್ಯಾಗ್ ಅವರ ಸಂಖ್ಯೆ ಹಿಂದೆ ಬಿತ್ತು. ಸಸ್ಕ್ವೆಹ್ಯಾನಾದಲ್ಲಿ ಮಗನೊಂದಿಗೆ ಗಳಿಸಿದ ಗೆಲುವುಗಳನ್ನೂ ತಂದೆಯ ಲೆಕ್ಕಕ್ಕೆ ಸೇರಿಸಬೇಕೆಂದು ಆಗ ಕೆಲವರು ವಾದಿಸಿದರು. ಆದರೆ ಅಲ್ಲಿ ಮುಖ್ಯ ಕೋಚ್ ಹುದ್ದೆ ಮಗನದಾಗಿದ್ದುದರಿಂದ ಅವುಗಳನ್ನು ಮಗನ ಹೆಸರಿನಲ್ಲಿಯೇ ಉಳಿಸಿರುವುದು ಸರಿಯಾದ ಕ್ರಮ.